ಬಲಗಡೆಯ ಹಿಂದಿನ ದೀಪ

ಆ ಕಾರು ನನ್ನ ಹತ್ತಿರ ಬಂದದ್ದು ಇಂಡಿಕೇಟರ್ ಕೆಲಸಕ್ಕಲ್ಲ. ಬಲಗಡೆಯ ಮುಂದಿನ ಬಾಗಿಲು ಒಳಕ್ಕೆ ಜಜ್ಜಿಹೋಗಿತ್ತು, ಗಾಜು ಪುಡಿಯಾಗಿತ್ತು, ಗಾಜು ಏರಿಸುವ ಮೋಟರಿನ ವೈರು ಹರಿದಿತ್ತು. ಮಹಾಲಿಂಗಪುರದಲ್ಲಿ ಮುಧೋಳ ರಸ್ತೆಗೆ ಹತ್ತಿಕೊಂಡಿರುವ ನಮ್ಮ ಗ್ಯಾರೇಜಿನ ಅಂಗಳದಲ್ಲಿ ತಗಡು ಬಡಿಯುವವನು ಬೇರೆ, ವೈರಿಂಗ್ ನೋಡುವವನು ನಾನು. ಮೊದಲು ವೈರು ಬಿಚ್ಚಿಕೊಡು, ಆಮೇಲೆ ಬಾಗಿಲಿಗೆ ಕೈ ಹಚ್ಚುತ್ತೇನೆ ಎಂದು ಅವನು ಹೇಳಿದ್ದ. ಪೊಲೀಸ್ ಠಾಣೆಯ ಬಯಲಿನಲ್ಲಿ ಬಿಸಿಲಿಗೆ ನಿಂತು ಬಂದ ಗಾಡಿ ಅದು, ಮೈಯೆಲ್ಲ ಧೂಳು. ಆ ಬಾಗಿಲಿಗೆ ಮೋಟರ್ ಸೈಕಲ್ ಬಡಿದು ಬನಹಟ್ಟಿಯ ಒಬ್ಬ ನೇಕಾರ ತರುಣ ಸತ್ತಿದ್ದ.

ನಡೆದದ್ದು ಊರಿಗೆಲ್ಲ ಗೊತ್ತಿತ್ತು. ಕಾರು ನಮ್ಮೂರಿನ ಬೆಲ್ಲದ ವ್ಯಾಪಾರಿಯೊಬ್ಬರದು. ನಾವೆಲ್ಲ ಅವರನ್ನು ಸಾವಕಾರರು ಎನ್ನುತ್ತೇವೆ. ಮಳೆ ಹನಿಯುತ್ತಿದ್ದ ಒಂದು ಮುಸ್ಸಂಜೆ ಅವರ ಡ್ರೈವರ್ ರಬಕವಿ ಕಡೆಗೆ ಬೆಲ್ಲ ಒಯ್ಯುತ್ತಿದ್ದ. ದಾರಿಯಲ್ಲಿ ಒಂದು ಗೋದಾಮಿನ ಕಡೆಗೆ ಬಲಕ್ಕೆ ತಿರುಗಿದ. ಹಿಂದಿನಿಂದ ಬಂದ ಆ ತರುಣ ಕಾರನ್ನು ದಾಟಿಕೊಂಡು ಹೋಗಲು ಅದೇ ಬಲಗಡೆಗೆ ಬಂದ. ಬಂದವನು ಬಾಗಿಲಿಗೆ ಬಡಿದ. ಡ್ರೈವರ್ ಇಂಡಿಕೇಟರ್ ಹಾಕಿದ್ದೆ ಎಂದ. ನೋಡಿದವರು ಯಾವ ದೀಪವೂ ಮಿನುಗಲಿಲ್ಲ ಎಂದರು. ಆಮೇಲೆ ಆರ್‌ಟಿಓ ಇನ್‌ಸ್ಪೆಕ್ಟರು ಠಾಣೆಗೆ ಬಂದು ಗಾಡಿ ಪರೀಕ್ಷಿಸಿದಾಗ ಬ್ರೇಕು, ಸ್ಟೇರಿಂಗು, ದೀಪ ಎಲ್ಲವೂ ಸರಿಯಾಗಿದ್ದವು. ಅಲ್ಲಿಗೆ ಮುಗಿಯಿತು. ದೀಪ ಸರಿ ಇದೆ, ಹತ್ತಲಿಲ್ಲ, ಅಂದರೆ ಡ್ರೈವರ್ ಹಾಕಲಿಲ್ಲ. ನಾನೂ ಹಾಗೇ ತಿಳಿದಿದ್ದೆ.

ಜಾಮೀನಿನ ಮೇಲೆ ಹೊರಬಂದಿದ್ದ ಡ್ರೈವರ್ ಗಾಡಿ ಬಂದ ಮರುದಿನವೇ ಅಂಗಳಕ್ಕೆ ಬಂದು ಹಳೆಯ ಟೈರಿನ ಮೇಲೆ ಕೂತ. ಮೂವತ್ತರ ಆಸುಪಾಸಿನ ಮನುಷ್ಯ, ಗಡ್ಡ ಬೆಳೆದಿತ್ತು, ಕೂತಲ್ಲೇ ಕಾಲು ಅಲ್ಲಾಡಿಸುತ್ತಿದ್ದ. ಯಾರಾದರೂ ಹಾಗೆ ಕಾಲು ಅಲ್ಲಾಡಿಸುತ್ತ ಎದುರಿಗೆ ಕೂತರೆ ನನಗೆ ಕೆಲಸ ಸಾಗುವುದಿಲ್ಲ.

"ಏನಪಾ, ಏನ್ ಬೇಕಾಗಿತ್ತು?" ಎಂದೆ.

"ಅಣ್ಣಾರ, ಆ ಇಂಡಿಕೇಟರ್ ಒಂದ್ ನೋಡ್ರಿ."

"ನೋಡ್ಯಾರಲ್ಲೋ. ಬರದ ಕೊಟ್ಟಾರ, ಸರಿ ಐತಿ ಅಂತ."

"ನೀವ್ ನೋಡ್ರಿ."

ಕೀಲಿ ತಿರುಗಿಸಿ, ಸ್ಟೇರಿಂಗಿನ ಪಕ್ಕದ ಕಡ್ಡಿ ಒತ್ತಿ, ಅವನನ್ನು ಗಾಡಿಯ ಹಿಂದಕ್ಕೆ ಕರೆದುಕೊಂಡು ಹೋದೆ. ಬಲಗಡೆಯ ದೀಪ ಟಕ ಟಕ ಮಿನುಗುತ್ತಿತ್ತು. "ನೋಡ್ಕೊ, ಕಣ್ತುಂಬ ನೋಡ್ಕೊ" ಎಂದೆ. ಅವನು ದೀಪದ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ ಮಾತಿಗೆ ನನ್ನ ಸಿಟ್ಟು ಅಲ್ಲೇ ಇಳಿಯಿತು.

"ಬಡದ ಮ್ಯಾಲೂ ಅದು ಟಿಕ್ ಟಿಕ್ ಅಂತಿತ್ತರಿ. ಮಂದಿ ಒದರಾಕತ್ತಿದ್ರು, ಅವ ರಸ್ತಾದಾಗ ಬಿದ್ದಿದ್ದ, ಗಾಡ್ಯಾಗ ಮಾತ್ರ ಟಿಕ್ ಟಿಕ್ ಟಿಕ್. ಯಾರೋ ಬಂದು ಕೀಲಿ ತಗದ್ರು, ಆವಾಗ ಬಂದ್ ಆತು. ಈಗ ಎಲ್ಲಾರೂ ನೀ ಹಾಕೇ ಇಲ್ಲ ಅಂತಾರ. ಕೇಳಿ ಕೇಳಿ ನನಗೂ ಡೌಟ್ ಬರಾಕತ್ತೈತ್ರಿ. ನಾ ಹಾಕಿದ್ನೋ ಇಲ್ಲೋ? ಅದೊಂದು ಗೊತ್ತಾಗ್ಲಿ, ಜೇಲಿಗೆ ಹಾಕಿದ್ರ ಹಾಕ್ಲಿ."

ಸತ್ತವನ ತಾಯಿಯ ಮನೆಗೂ ಅವನು ಹೋಗಿದ್ದನಂತೆ. ಆಕೆ ಮಗ್ಗದ ಕಂಡಿಕೆಗೆ ನೂಲು ಸುತ್ತುವ ಹೆಂಗಸು, ಒಬ್ಬನೇ ಮಗ. ಬಾಗಿಲಲ್ಲಿ ಮಂದಿ ಹೊಡೆಯಲು ಬಂದರೆ ಆಕೆಯೇ ತಡೆದು, ಒಳಗೆ ಕೂರಿಸಿ ಕೇಳಿದ್ದರಂತೆ: "ಮರತ್ನಿ ಅಂತ ಒಂದ್ ಮಾತ ಅನ್ನು. ಮನಶಾ ಮರೀತಾನ. ಸುಳ್ಳ ಮಾತ್ರ ಹೇಳಬ್ಯಾಡ." ಇವನು ಹಾಕಿದ್ದೆ ಎಂದ. ಆಕೆ ಎದ್ದು ಬಾಗಿಲು ತೋರಿಸಿದರು.

ಸರಿ, ಬಾಗಿಲಿನ ವೈರು ಬದಿಗಿಟ್ಟೆ. ನಮ್ಮ ಕಸುಬಿನಲ್ಲಿ ಇರುವ ದೋಷ ಹುಡುಕಬಹುದು. ಸುಮ್ಮನೆ ಹತ್ತಿ ಆರುತ್ತಿರುವ ದೀಪದಲ್ಲಿ ದೋಷ ಹುಡುಕುವುದಿದೆಯಲ್ಲ, ಅದು ತಲೆ ತಿನ್ನುವ ಕೆಲಸ. ಫ್ಯೂಸ್ ತೆಗೆದು ನೋಡಿದೆ, ಗಟ್ಟಿಯಾಗಿತ್ತು. ಬಲ್ಬಿನ ತಂತಿ ಸರಿ ಇತ್ತು. ಹೋಲ್ಡರಿನಲ್ಲಿ ಮೀಟರ್ ಇಟ್ಟರೆ ಹನ್ನೆರಡು ವೋಲ್ಟ್ ಬಂದು ಹೋಗಿ ಮಾಡುತ್ತಿತ್ತು. ಸ್ಟೇರಿಂಗಿನ ಕೆಳಗಿನ ಕವಚ ಬಿಚ್ಚಿ ಕಡ್ಡಿಯ ಸ್ವಿಚ್ಚನ್ನು ಹಿಂದೆ ಮುಂದೆ ಎಷ್ಟು ಆಡಿಸಿದರೂ ಒಂದು ಸಲವೂ ತಪ್ಪಲಿಲ್ಲ.

ಒಂದೇ ಒಂದು ಸಂಗತಿ ಸಿಕ್ಕಿತು. ದೀಪವನ್ನು ಮಿನುಗಿಸುವ ರಿಲೇ ಕಂಪನಿಯದಲ್ಲ, ಹೊರಗಿನದು. ಡ್ರೈವರನ್ನು ಕೇಳಿದರೆ, ಸಾವಕಾರರು ಮುಂದಿನ ಇಂಡಿಕೇಟರುಗಳಿಗೆ ಎಲ್‌ಇಡಿ ಹಾಕಿಸಿದಾಗ ಟಿಕ್ ಟಿಕ್ ವಿಪರೀತ ಜೋರಾಗಿ ಓಡತೊಡಗಿತ್ತು, ಆ ಕಿರಿಕಿರಿ ಬೇಡವೆಂದು ರಿಲೇ ಬದಲಿಸಿದರು ಎಂದ. ನನಗೆ ಅಲ್ಲೇ ಚುರುಕ್ ಎಂದಿತು. ಯಾವುದಾದರೂ ಒಂದು ಬಲ್ಬ್ ಕೈಕೊಟ್ಟರೆ ಹಳೆಯ ರಿಲೇ ಅವಸರದಲ್ಲಿ ಬಡಿದುಕೊಂಡು ಡ್ರೈವರಿಗೆ ತಿಳಿಸುತ್ತದೆ. ಹೊಸದಕ್ಕೆ ಆ ಗೊಡವೆ ಇಲ್ಲ. ಹಿಂದಿನ ದೀಪ ಸತ್ತಿದ್ದರೂ ಒಳಗೆ ಅದೇ ಟಿಕ್ ಟಿಕ್, ಅದೇ ಹಸಿರು ಬಾಣ. ಆದರೆ ದೀಪ ಸತ್ತಿರಲಿಲ್ಲವಲ್ಲ! ಕಣ್ಣ ಮುಂದೆ ಮಿನುಗುತ್ತಿತ್ತು.

ಮಾರನೆಯ ದಿನ ಮತ್ತೆ ಬಂದು ಕೂತ. ನಾನು ಅವನನ್ನೇ ಸೀಟಿಗೆ ಹತ್ತಿಸಿದೆ. ಗ್ಯಾರೇಜಿನಲ್ಲಿ ನಾವು ಒಂದೊಂದೇ ದೀಪ ಹಾಕಿ ನೋಡುತ್ತೇವೆ, ರಸ್ತೆಯ ಮೇಲೆ ಹಾಗೆ ಯಾರೂ ಓಡಿಸುವುದಿಲ್ಲ. ಆ ಸಂಜೆ ಏನೇನು ಹಾಕಿದ್ದೆಯೋ ಅಷ್ಟನ್ನೂ ಹಾಕು ಎಂದೆ. ಹೆಡ್‌ಲೈಟ್ ಹಾಕಿದ. ವೈಪರ್ ಹಾಕಿದ. ಬ್ರೇಕ್ ತುಳಿದ. ಇಂಡಿಕೇಟರ್ ಒತ್ತಿದ. ನಾನು ಹಿಂದೆ ನಿಂತಿದ್ದೆ. ಎಲ್ಲವೂ ಮದುವೆ ಮನೆಯ ಹಾಗೆ ಝಗಝಗ ಹತ್ತಿದವು.

"ಇಳೀಲೇ ಕೆಳಗ" ಎಂದು ಒದರಿದೆ. "ನಾ ಬ್ಯಾರೆ ಕೆಲಸ ಇಲ್ಲದ ಕುಂತೇನಿ ಅಂತ ತಿಳದಿ ಏನು? ಮರತಿದ್ದಿ, ಮರತ್ನಿ ಅಂತ ಅನ್ನು, ಮನಿಗೆ ಹೋಗು!"

ಅವನು ಇಳಿದ. ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗೇ ಇತ್ತು. "ಆವತ್ತ ಗಾಡಿ ಖಾಲಿ ಇರಲಿಲ್ರಿ ಅಣ್ಣಾರ. ಡಿಕ್ಕಿ ತುಂಬ ಬೆಲ್ಲ ಇತ್ತು."

ನಾನು ಕೆಲಸಕ್ಕೆ ಹೊರಟವನು ನಿಂತೆ. ಠಾಣೆಗೆ ಒಯ್ಯುವ ಮುಂಚೆ ಯಾರೋ ಬೆಲ್ಲ ಇಳಿಸಿರಬೇಕು. ಇನ್‌ಸ್ಪೆಕ್ಟರು ನೋಡಿದ್ದು ಖಾಲಿ ಗಾಡಿ, ನಾನು ನೋಡುತ್ತಿದ್ದದ್ದೂ ಖಾಲಿ ಗಾಡಿ. ಮೂಲೆಯಲ್ಲಿದ್ದ ಸತ್ತ ಬ್ಯಾಟರಿಗಳನ್ನೆಲ್ಲ ಎತ್ತಿ ಡಿಕ್ಕಿಯಲ್ಲಿಟ್ಟೆ. ಗಾಡಿಯ ಹಿಂಭಾಗ ಕುಸಿದು ಕೂತಿತು. ಮತ್ತೆ ಎಲ್ಲ ದೀಪ ಹಾಕಿಸಿದೆ. ಮತ್ತೆ ಮಿನುಗಿತು. ಥತ್, ಈ ಪೀಡೆ ನನಗ್ಯಾಕೆ ಗಂಟುಬಿತ್ತು ಎನಿಸಿತು.

"ಹಂಗಲ್ರಿ" ಎಂದ ಡ್ರೈವರ್. "ಬೆಲ್ಲದ ಪೆಂಟಿ ಹಿಂಗ್ ಇಡಾಂಗಿಲ್ಲ. ಉರುಳ್ಯಾಡಿದ್ರ ಒಡೀತಾವು. ಮೂಲಿಗೆ ಒತ್ತಿ, ಒಂದಕ್ಕೊಂದು ಬಿಗಿ ಮಾಡಿ ಇಡಬೇಕ್ರಿ."

ಪೆಂಟಿಯೆಂದರೆ ಬಕೀಟಿನ ಆಕಾರದ ದೊಡ್ಡ ಬೆಲ್ಲದ ಗಟ್ಟಿ. ಪೇಟೆಯಲ್ಲಿ ಪರಿಚಯದ ಬೆಲ್ಲದ ಅಡತಿ ಅಂಗಡಿಯಲ್ಲಿ ಸಂಜೆಗೆ ವಾಪಸ್ ಕೊಡುತ್ತೇನೆಂದು ಹೇಳಿ ಒಂದಿಷ್ಟು ತಂದೆ. ಬೆಲ್ಲ ಯಾತಕ್ಕೆ ಎಂದು ಅವರು ಕೇಳಿದರು, ದೀಪಕ್ಕೆ ಎಂದೆ, ನಕ್ಕರು. ಡ್ರೈವರ್ ಶರ್ಟಿನ ತೋಳೇರಿಸಿ ತನ್ನ ಪದ್ಧತಿಯಂತೆ ಜೋಡಿಸಿದ. ಬಲಮೂಲೆಯಿಂದ ಶುರು ಮಾಡಿ, ಮೊಣಕಾಲು ಕೊಟ್ಟು ಒತ್ತಿ, ಸಂದಿಗೆ ಚೀಲ ತುರುಕಿ, ಒಂದು ಬೆರಳು ಹೋಗದ ಹಾಗೆ ಬಿಗಿದ. ಡಿಕ್ಕಿ ಮುಚ್ಚಿ ಸೀಟಿಗೆ ಹೋಗಿ ಕೂತು ಎಲ್ಲವನ್ನೂ ಹಾಕಿದ.

ಬಲಗಡೆಯ ಹಿಂದಿನ ದೀಪ ಹತ್ತಲಿಲ್ಲ.

ಎಡಗಡೆಯ ಬ್ರೇಕ್ ದೀಪ ಕೆಂಡದಂತೆ ಉರಿಯುತ್ತಿತ್ತು. ಬಲಗಡೆ ಕೆಂಪು ಕಂಡೂ ಕಾಣದಷ್ಟು ಮಂಕು, ಹಳದಿಯಂತೂ ಮಿನುಗಲೇ ಇಲ್ಲ. ಓಡಿ ಮುಂದೆ ಹೋಗಿ ನೋಡಿದೆ, ಮುಂದಿನ ಇಂಡಿಕೇಟರ್ ಮಿನುಗುತ್ತಿತ್ತು. ಹಿಂದಿನಿಂದ ಬರುವವನಿಗೆ ಅದನ್ನು ಕಟ್ಟಿಕೊಂಡು ಏನಾಗಬೇಕು? ಕಿಟಕಿಯಲ್ಲಿ ತಲೆ ಹಾಕಿದೆ. ಒಳಗೆ ಹಸಿರು ಬಾಣ ಹತ್ತಿ ಆರುತ್ತಿತ್ತು, ಟಿಕ್ ಟಿಕ್ ಟಿಕ್, ಏನೂ ಆಗಿಲ್ಲವೆಂಬಂತೆ. ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದ.

ಬೆಲ್ಲ ಇಳಿಸಿದೆವು. ದೀಪ ಮಿನುಗಿತು. ಮತ್ತೆ ಒತ್ತಿಟ್ಟೆವು. ಆರಿತು. ಆಮೇಲೆ ಬೆಲ್ಲ ತೆಗೆದು, ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ಮೂಲೆಯ ರಟ್ಟಿನ ಹೊದಿಕೆ ಬಿಚ್ಚಿದೆ. ಮೊದಲು ಕಂಡದ್ದು ಇರುವೆ. ಸಾಲು ಸಾಲು ಇರುವೆ, ದೀಪದ ಹಿಂದಿನ ತೂತಿನಿಂದ ಬಂದು ಹೊದಿಕೆಯ ಹಿಂದೆ ಇಳಿದಿದ್ದವು. ಅಲ್ಲಿ ಕೆಂಪು ವಸ್ತ್ರದಲ್ಲಿ ಕಟ್ಟಿದ್ದ ಒಂದು ಸಣ್ಣ ಪೆಂಟಿ ಇತ್ತು. ಅರ್ಧ ಕರಗಿ, ವಸ್ತ್ರ ಕಪ್ಪಾಗಿ, ಅಂಟು ಕೆಳಕ್ಕೆ ಇಳಿದಿತ್ತು.

"ಅದು ಸಾವಕಾರ್ರ ಲಕ್ಷ್ಮೀರಿ" ಎಂದ ಡ್ರೈವರ್ ಮೆಲ್ಲಗೆ. "ಹಂಗಾಮಿನ ಮೊದಲನೇ ಬೆಲ್ಲ. ಅವರ ಅಜ್ಜನ ಕಾಲದಿಂದ ಪದ್ಧತಿ ಐತಿ. ತಿಜೋರ್ಯಾಗ ಒಂದು, ಗಾಡ್ಯಾಗ ಒಂದು. ಮುಂದಿನ ಹಂಗಾಮತನಾ ಯಾರೂ ಮುಟ್ಟಾಂಗಿಲ್ಲ. ಅಂಟು ಇಳದ್ರ ನಾ ಬರೇ ಮ್ಯಾಲ ವರಸತಿದ್ನಿ."

ಮಳೆಗಾಲದಲ್ಲಿ ಬೆಲ್ಲ ನೀರೊಡೆಯುತ್ತದೆ, ನಮ್ಮ ಊರಲ್ಲಿ ಅದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆ ಪೆಂಟಿಗೆ ಸರಿಯಾಗಿ ಕೆಳಗೆ ದೀಪದ ಅರ್ಥ್ ಬೋಲ್ಟ್ ಇತ್ತು. ಕರೆಂಟು ಬಲ್ಬಿಗೆ ಬಂದರಷ್ಟೇ ಸಾಲದು, ವಾಪಸ್ ಹೋಗಲು ದಾರಿ ಬೇಕು. ಆ ಕಡೆಯ ಎಲ್ಲ ಬಲ್ಬುಗಳಿಗೂ ವಾಪಸ್ ದಾರಿ ಒಂದೇ ಕಪ್ಪು ವೈರು. ಅದರ ತುದಿಯ ಬಳೆಯನ್ನು ಗಾಡಿಯ ತಗಡಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಇಲ್ಲಿ ಬೆಲ್ಲದ ನೀರು ಇಳಿದಿಳಿದು ಆ ಬಳೆ ಹಸಿರು ಕಿಲುಬು ಹಿಡಿದು, ತಿಂದುಹೋಗಿ, ಬೋಲ್ಟಿಗೆ ಬರೀ ಅಂಟಿಕೊಂಡಿತ್ತು. ಗಾಡಿ ಖಾಲಿ ಇದ್ದರೆ ತಾಗಿರುತ್ತಿತ್ತು. ಮೂಲೆಗೆ ಬೆಲ್ಲ ಒತ್ತಿಟ್ಟರೆ ಹೊದಿಕೆ ವೈರನ್ನು ಜಗ್ಗುತ್ತಿತ್ತು, ಬಳೆ ಕೂದಲಿನಷ್ಟು ಮೇಲೇಳುತ್ತಿತ್ತು, ಅಷ್ಟೇ ಸಾಕಾಗುತ್ತಿತ್ತು. ವೈರನ್ನು ಬೆರಳಿಂದ ಅಷ್ಟೇ ಜಗ್ಗಿ ಮೀಟರ್ ಹಿಡಿದೆ. ಏನೂ ತೋರಿಸಬಾರದ ಕಡೆ ಬ್ಯಾಟರಿಯ ಅಷ್ಟೂ ವೋಲ್ಟ್ ತೋರಿಸಿತು.

ಡ್ರೈವರ್ ನೆಲದ ಮೇಲೆ ಕೂತುಬಿಟ್ಟ. ಖುಷಿಪಡುತ್ತಾನೆ ಅಂದುಕೊಂಡಿದ್ದೆ. "ಹಂಗಾರ ಒತ್ತಿ ಇಟ್ಟಾಂವ ನಾನ ಅಲ್ರೀ ಅಣ್ಣಾರ" ಎಂದ.

"ಲೇ ಹುಚ್ಚಾ, ಆ ಬಳಿ ಗಟ್ಟಿ ಇದ್ದಿದ್ರ ನೀ ಎಷ್ಟ ಒತ್ತಿದ್ರೂ ಏನೂ ಆಗತಿರಲಿಲ್ಲ" ಎಂದು ಗದರಿಸಿದೆ. ಅವನಿಗೆ ಕೇಳಿಸಿತೋ ಇಲ್ಲವೋ. ಇನ್ನೊಂದು ಮಾತನ್ನೂ ಹೇಳಲೇಬೇಕಾಗಿತ್ತು, ಹೇಳಿದೆ. "ನೋಡ್ ತಮ್ಮಾ, ನೀ ಹಾಕಿದ್ರೂ ಕಾಣತಿರಲಿಲ್ಲ ಅನ್ನೂದಷ್ಟ ನಾ ತೋರಸಬಲ್ಲೆ. ನಿನ್ನ ಕೈ ಹಾಕಿತ್ತು ಅಂತ ಯಾವ ಮೀಟರೂ ತೋರಸಾಂಗಿಲ್ಲ."

"ನನಗಷ್ಟ ಸಾಕ್ರಿ. ಆ ಟಿಕ್ ಟಿಕ್ ಖರೇನ ಇತ್ತು."

ಸಾವಕಾರರಿಗೆ ಸುದ್ದಿ ಹೋಗಲು ಎಷ್ಟು ಹೊತ್ತು? ಅಡತಿ ಅಂಗಡಿಯಿಂದಲೇ ಹೋಗಿತ್ತು. ಮಧ್ಯಾಹ್ನಕ್ಕೆ ತಾವೇ ಬಂದರು. ಕೆಟ್ಟ ಮನುಷ್ಯರಲ್ಲ. ನನ್ನ ತಂದೆ ತೀರಿಕೊಂಡಾಗ ಎಲ್ಲರಿಗಿಂತ ಮೊದಲು ಬಂದು ನಿಂತವರು. ಬಂದವರೇ ಡಿಕ್ಕಿಯಲ್ಲಿ ಬಗ್ಗಿ ಕೆಂಪು ವಸ್ತ್ರವನ್ನು ನೋಡಿದರು. ಮುಟ್ಟಲಿಲ್ಲ.

"ಮಿಸ್ತ್ರಿ, ಅದನ್ನ ಸ್ವಚ್ಛ ಮಾಡಿ ಹೊಸಾ ಬಳಿ ಹಾಕಿಬಿಡು. ಎಷ್ಟೊತ್ತಿನ ಕೆಲಸ ಅದು?"

ಮರಳು ಕಾಗದದಿಂದ ತಿಕ್ಕಿ, ಹೊಸ ಬಳೆ ಒತ್ತಿ, ಬೋಲ್ಟ್ ಬಿಗಿದರೆ ಮುಗಿಯಿತು. ಒಂದು ಚಹಾ ಕುಡಿಯುವಷ್ಟು ಹೊತ್ತು. ಕೈಗೆ ಅಭ್ಯಾಸವಾದ ಕೆಲಸ, ದೋಷ ಕಂಡಕೂಡಲೆ ಕೈ ತಾನೇ ಮರಳು ಕಾಗದ ಹುಡುಕುತ್ತದೆ. ಖರೆ ಹೇಳುತ್ತೇನೆ, ನನ್ನ ಕೈ ಜೇಬಿಗೆ ಹೋಗಿತ್ತು.

"ಈಗ ಮುಟ್ಟಾಂಗಿಲ್ರಿ ಸಾವಕಾರ್ರ" ಎಂದೆ. "ಮುಟ್ಟಿದ್ರ ಇವನ ಜೀವನ ಹೋಕ್ಕತಿ. ಇನ್‌ಸ್ಪೆಕ್ಟರ್ರು ಮತ್ತೊಮ್ಮೆ ಬಂದು, ಡಿಕ್ಕಿ ತುಂಬಿಸಿ ನೋಡ್ಲಿ."

"ನೋಡಿದ್ರ ಏನಾಕ್ಕತಿ ಗೊತ್ತೈತೇನು ನಿನಗ? ಸಾವಕಾರ ಬೆಲ್ಲಾ ಇಟ್ಟು ಮನಶಾನ್ನ ಕೊಂದ ಅಂತಾರ. ನಮ್ಮ ಅಜ್ಜ ಇಟ್ಟಾನ, ನಮ್ಮಪ್ಪ ಇಟ್ಟಾನ, ನಾ ಇಟ್ಟೇನಿ. ಇಷ್ಟ ವರ್ಷ ಕಾಪಾಡಿದ ಲಕ್ಷ್ಮೀನ್ನ ಕೊಲೆಗಡಕಿ ಮಾಡ್ತಿ ಏನು?"

ಅವರ ದನಿಯಲ್ಲಿ ಸಿಟ್ಟು ಮಾತ್ರ ಇರಲಿಲ್ಲ, ಹೆದರಿಕೆಯೂ ಇತ್ತು. ನನಗೆ ಅವರ ಮೇಲೆ ಕನಿಕರ ಬಂತು, ಅದೇ ಹೊತ್ತಿಗೆ ಟೈರಿನ ಮೇಲೆ ತಲೆ ತಗ್ಗಿಸಿ ಕೂತವನೂ ಕಣ್ಣಿಗೆ ಬಿದ್ದ. ಗಾಡಿ ನಿಮ್ಮದು, ಒಯ್ಯುವುದಾದರೆ ಒಯ್ಯಿರಿ, ವಿಡಿಯೋ ನನ್ನ ಹತ್ತಿರ ಇದೆ, ಕೇಳಿದವರಿಗೆ ತೋರಿಸುತ್ತೇನೆ ಎಂದೆ. ಅವರು ಗಾಡಿ ಒಯ್ಯಲಿಲ್ಲ. ಹೋಗುವಾಗ ಒಂದೇ ಮಾತು ಆಡಿದರು: "ಇನ್ನ ನಮ್ಮ ಮನೆತನದ ಒಂದ್ ಗಾಡೀನೂ ನಿನ್ನ ಅಂಗಳಕ್ಕ ಬರಾಂಗಿಲ್ಲ." ಆಡಿದಂತೆಯೇ ನಡೆದುಕೊಂಡಿದ್ದಾರೆ. ಪೇಟೆಯಲ್ಲಿ ಎದುರಾದರೆ ಈಗಲೂ ಆ ಕಡೆ ಮುಖ ಮಾಡಿ ಹೋಗುತ್ತಾರೆ.

ಡ್ರೈವರಿನ ವಕೀಲರು ಜಮಖಂಡಿಯ ಕೋರ್ಟಿನಲ್ಲಿ ಮರುಪರೀಕ್ಷೆಗೆ ಅರ್ಜಿ ಹಾಕಿದರು. ಗಾಡಿಯನ್ನು ಇದ್ದಂತೆಯೇ ಇಡಬೇಕು ಎಂದು ನನಗೆ ಹೇಳಿ ಕಳಿಸಿದರು. ನಾನು ಹೊದಿಕೆ ಮುಚ್ಚಿ, ಮೇಲೆ ತಾಡಪತ್ರಿ ಹೊದಿಸಿ, ಡಿಕ್ಕಿಗೆ ಕೀಲಿ ಹಾಕಿದೆ. ಆದರೆ ಡ್ರೈವರಿಗೆ ಕೋರ್ಟಿನ ಚಿಂತೆ ಇರಲಿಲ್ಲ.

"ಕೋರ್ಟಿಗೆ ಆಮ್ಯಾಲ ತೋರಸೂಣ್ರಿ ಅಣ್ಣಾರ. ಮೊದಲ ಆಕೀಗೆ ತೋರಸರಿ."

ಇದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಮಗನನ್ನು ಕಳೆದುಕೊಂಡ ತಾಯಿಯನ್ನು ಕರೆಸಿ, ಅದೇ ಗಾಡಿಯ ಹಿಂದೆ ನಿಲ್ಲಿಸುವುದು ಎಂದರೇನು? ಆದರೂ ನಾನೇ ಬನಹಟ್ಟಿಗೆ ಹೋಗಿ ಕೇಳಿದೆ. ಆಕೆ ಕಂಡಿಕೆ ಸುತ್ತುವುದನ್ನು ನಿಲ್ಲಿಸದೆ ನನ್ನ ಮಾತೆಲ್ಲ ಕೇಳಿದರು. ಬರುತ್ತೇನೆ ಎಂದಾಗಲಿ, ಬರುವುದಿಲ್ಲ ಎಂದಾಗಲಿ ಹೇಳಲಿಲ್ಲ. ಎರಡು ದಿನ ಬಿಟ್ಟು, ಹೊತ್ತು ಮುಳುಗುವ ಮುಂಚೆ, ಬಸ್ ಇಳಿದು ಒಬ್ಬರೇ ನಡೆದು ಬಂದರು.

ನಾನು ತಾಡಪತ್ರಿ ಸರಿಸಿ ಡಿಕ್ಕಿಯ ಕೀಲಿ ತೆಗೆದೆ, ಆಕೆ ಬಂದರೆ ಇರಲೆಂದು ಅಡತಿ ಅಂಗಡಿಯಿಂದ ಮತ್ತೆ ತಂದಿಟ್ಟಿದ್ದ ಬೆಲ್ಲವನ್ನು ಡ್ರೈವರ್ ಜೋಡಿಸಿ ಸೀಟಿನಲ್ಲಿ ಕೂತ. ಅವರ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಆಕೆ ಜಜ್ಜಿದ ಬಾಗಿಲಿನ ಹತ್ತಿರ ಒಂದು ಗಳಿಗೆ ನಿಂತರು, ತಗಡಿನ ಮೇಲೆ ಅಂಗೈ ಇಟ್ಟರು, ತೆಗೆದರು. ಆಮೇಲೆ ಗಾಡಿಯ ಹಿಂದೆ ಹೋಗಿ, ನಾನು ತೋರಿಸುವ ಮೊದಲೇ, ಬಲಗಡೆಗೆ ಸರಿದು ನಿಂತರು. ಸೆರಗಿನ ತುದಿ ಮುಷ್ಟಿಯಲ್ಲಿತ್ತು. ಎಡಗಡೆಯ ದೀಪದ ಕೆಂಪು ಅವರ ಸೀರೆಯ ಮೇಲೆ ಬಿತ್ತು.

"ಹಾಕಪಾ" ಎಂದರು.

"ಹಾಕೇನ್ರಿ ಯವ್ವಾ" ಎಂದ ಅವನು ಒಳಗಿನಿಂದ.

ಆಕೆ ಬಲಗಡೆಯ ದೀಪವನ್ನೇ ನೋಡಿದರು. ಮುಂದೆ ಬಾಗಿ ನೋಡಿದರು. "ಹಾಕೋ ಅಂದ್ರ!"

"ಹಾಕೇನಿ ಬೇ! ಇಲ್ಲಿ ಹತ್ತಾಕತ್ತೈತಿ ಬೇ ಯವ್ವಾ!"

ಆಕೆ ಗಾಡಿಯನ್ನು ಸುತ್ತುಹಾಕಿ ಗಾಜಿಲ್ಲದ ಕಿಟಕಿಗೆ ಹೋದರು. ಒಳಗೆ ಹಸಿರು ಬಾಣ ಮಿನುಗುವುದನ್ನು ನೋಡಿದರು, ಟಿಕ್ ಟಿಕ್ ಕೇಳಿದರು, ಕಡ್ಡಿಯ ಮೇಲೆ ಇದ್ದ ಅವನ ಕೈ ನೋಡಿದರು. ಮತ್ತೆ ಹಿಂದಕ್ಕೆ ಬಂದು ದೀಪ ನೋಡಿದರು. ಮತ್ತೆ ಕಿಟಕಿಗೆ ಹೋದರು. ಅವನು ಸ್ಟೇರಿಂಗಿಗೆ ಹಣೆ ಹಚ್ಚಿ ಅಳುತ್ತಿದ್ದ, ಬ್ರೇಕಿನ ಮೇಲಿಂದ ಮಾತ್ರ ಕಾಲು ತೆಗೆದಿರಲಿಲ್ಲ.

ಆಕೆ ಕಿಟಕಿಯೊಳಗೆ ಕೈ ಹಾಕಿ ಅವನ ತಲೆಯ ಮೇಲೆ ಇಟ್ಟರು.

"ನೀ ಮರತಿದ್ರ ಛಲೋ ಇತ್ತಲ್ಲೋ ಯಪ್ಪಾ" ಎಂದರು. "ನಿನ್ನ ಬೈಕೋಂತಾದ್ರೂ ಇರತಿದ್ನಿ."